ಯುದ್ಧದ ಸುದ್ದಿ ಹೊತ್ತ ಮನೆಯ ಕಾಗದ ಓದುವುದು ಹೇಗೆ: ಅಬಿಗೇಲ್ ಮತ್ತು ಜಾನ್ ಆಡಮ್ಸ್ ಪತ್ರಗಳ ಸಮಗ್ರ ಮಾರ್ಗದರ್ಶಿ

ಅಮೆರಿಕದ ಸ್ವಾತಂತ್ರ್ಯ ಯುದ್ಧ ಅಂದ ಕೂಡಲೇ ವಾಷಿಂಗ್ಟನ್, ಸ್ವಾತಂತ್ರ್ಯ ಘೋಷಣೆ, ಬಾಸ್ಟನ್ ಬಂದರಿನಲ್ಲಿ ನೀರುಪಾಲಾದ ಚಹಾ ನೆನಪಾಗುತ್ತವೆ. ಇವೆಲ್ಲ ಪಠ್ಯಪುಸ್ತಕದಲ್ಲೇ ಇವೆ. ಆದರೆ ಫಿರಂಗಿ ಸದ್ದು ಮಾಡುತ್ತಿದ್ದಾಗ ಮನೆಯಲ್ಲಿದ್ದವರಿಗೆ ಏನು ಗೊತ್ತಿತ್ತು? ಯಾರು ಬಂದು ಹೇಳಿದರು? ಎಷ್ಟು ನಂಬಿದರು? ಇದು ಬೇಕಿದ್ದರೆ ಅವರು ಒಬ್ಬರಿಗೊಬ್ಬರು ಬರೆದುಕೊಂಡ ಕಾಗದಗಳನ್ನೇ ಓದಬೇಕು. ಓದುವುದಕ್ಕೂ ಒಂದು ಕ್ರಮ ಇದೆ. ಆ ಕ್ರಮ ಇಲ್ಲದೆ ಓದಿದರೆ ಚಂದದ ನಾಲ್ಕು ಸಾಲು ಸಿಗುತ್ತವೆ, ಯುದ್ಧ ಕೈಗೆ ಸಿಗುವುದಿಲ್ಲ.

ಉದಾಹರಣೆಗೆ ಒಂದೇ ಮನೆಯನ್ನು ತೆಗೆದುಕೊಂಡಿದ್ದೇನೆ. ಗಂಡ ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೇ ಅಧ್ಯಕ್ಷನಾದವನು. 1775ರಲ್ಲಿ ಅವನು ಫಿಲಡೆಲ್ಫಿಯಾದ ಕಾಂಟಿನೆಂಟಲ್ ಕಾಂಗ್ರೆಸ್ಸಿನಲ್ಲಿ, ಅಂದರೆ ಬ್ರಿಟನ್ನಿನ ವಿರುದ್ಧ ನಿಂತ ಅಮೆರಿಕನ್ ವಸಾಹತುಗಳ ಸಭೆಯಲ್ಲಿ, ಪ್ರತಿನಿಧಿ. ಹೆಂಡತಿ ಅಬಿಗೇಲ್ ಮ್ಯಾಸಚೂಸೆಟ್ಸ್‌ನ ಬ್ರೇನ್‌ಟ್ರೀಯಲ್ಲಿ ನಾಲ್ಕು ಮಕ್ಕಳು, ಹೊಲ, ಆಳುಕಾಳು ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. 1762ರಿಂದ 1801ರವರೆಗೆ ಇವರಿಬ್ಬರ ನಡುವೆ ಓಡಾಡಿದ ಕಾಗದಗಳಲ್ಲಿ 1,100ಕ್ಕೂ ಹೆಚ್ಚು ಉಳಿದಿವೆ. ಯುದ್ಧದ ಸುದ್ದಿಯ ಮಟ್ಟಿಗೆ ನನ್ನ ಪ್ರಕಾರ ಅಬಿಗೇಲಳೇ ದೊಡ್ಡ ವರದಿಗಾರ್ತಿ. ಕಾಂಗ್ರೆಸ್ಸಿನ ಒಳಗಿನ ಚರ್ಚೆ ಹೊರಗೆ ಹೇಳುವಂತಿಲ್ಲ ಎಂಬ ಕಟ್ಟು ಜಾನ್‌ಗೆ ಇತ್ತು. ಅವಳಿಗೆ ಅಂಥ ಕಟ್ಟು ಇರಲಿಲ್ಲ, ಯುದ್ಧವೂ ಅವಳ ಮನೆಯ ಹತ್ತಿರವೇ ನಡೆಯುತ್ತಿತ್ತು.

ನಿಮಗೆ ಬೇಕಾಗುವುದು ಇಂಟರ್‌ನೆಟ್, ಒಂದು ನೋಟ್‌ಬುಕ್, ಮೂರು ಬಣ್ಣದ ಪೆನ್ನು, ಸಾಧಾರಣ ಇಂಗ್ಲಿಷ್ ಮತ್ತು ಸ್ವಲ್ಪ ತಾಳ್ಮೆ.

ಹೆಜ್ಜೆ 1: ಒಂದೇ ಒಂದು ಕಾಗದ ಆರಿಸಿಕೊಳ್ಳಿ

ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯ ಜಾಲತಾಣದಲ್ಲಿ ಇವರ ಕಾಗದಗಳ ಫೋಟೋ ಮತ್ತು ಅಚ್ಚು ಪಠ್ಯ ಎರಡೂ ಇವೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ‘ಫೌಂಡರ್ಸ್ ಆನ್‌ಲೈನ್’ ತಾಣದಲ್ಲಿ ಇದೇ ಪಠ್ಯದ ಜೊತೆಗೆ ವಾಷಿಂಗ್ಟನ್, ಫ್ರಾಂಕ್ಲಿನ್, ಜೆಫರ್ಸನ್ ಮುಂತಾದವರ ಪತ್ರಗಳೂ ಸಿಗುತ್ತವೆ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಎಲ್ಲರೂ ನೇರವಾಗಿ 1776ರ ಮಾರ್ಚ್ 31ರ ಕಾಗದಕ್ಕೆ ಹೋಗುತ್ತಾರೆ. ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೆಯಬೇಡಿ ಎಂದು ಅವಳು ಗಂಡನಿಗೆ ಹೇಳಿದ್ದು ಅದರಲ್ಲೇ. ದೊಡ್ಡ ಮಾತು, ನಿಜ. ಆದರೆ ಆ ಒಂದು ಮಾತಿನ ಭರಾಟೆಯಲ್ಲಿ ಅದೇ ಕಾಗದದ ಸುದ್ದಿಯನ್ನು ಯಾರೂ ಗಮನಿಸುವುದಿಲ್ಲ. ಬ್ರಿಟಿಷರು ಬಿಟ್ಟುಹೋದ ಬಾಸ್ಟನ್ನಿನಲ್ಲಿ ತಮ್ಮ ಮನೆ ಹೇಗಿದೆ ಎಂದು ಅವಳು ಅಲ್ಲಿ ಬರೆದಿದ್ದಾಳೆ. ಪಲ್ಟನ್ನಿನ ಒಬ್ಬ ಡಾಕ್ಟರ್ ಅದರಲ್ಲಿ ವಾಸವಿದ್ದನಂತೆ, ತುಂಬಾ ಗಲೀಜಾಗಿದೆ, ಬೇರೆ ಹಾನಿ ಇಲ್ಲ ಅಂತ.

ನೀವು 1775ರ ಜೂನ್ 18ರ ಕಾಗದದಿಂದ ಶುರು ಮಾಡಿ. ಬಾಸ್ಟನ್ ಹತ್ತಿರ ಬ್ರಿಟಿಷರಿಗೂ ಅಮೆರಿಕನ್ನರಿಗೂ ನಡೆದ ಬಂಕರ್ ಹಿಲ್ ಕದನದ ಮರುದಿನ ಬರೆದದ್ದು. ಚಿಕ್ಕದು, ಆದರೆ ಕಲಿಯಬೇಕಾದ್ದೆಲ್ಲ ಅದರಲ್ಲೇ ಇದೆ.

ಹೆಜ್ಜೆ 2: ನಕ್ಷೆ ಬಿಡಿಸಿ

ನೋಟ್‌ಬುಕ್ಕಿನಲ್ಲಿ ನಾಲ್ಕೈದು ಚುಕ್ಕಿ ಇಟ್ಟರೆ ಸಾಕು. ಬಾಸ್ಟನ್, ಅದರ ಉತ್ತರಕ್ಕೆ ನೀರಿನಾಚೆ ಚಾರ್ಲ್ಸ್‌ಟೌನ್, ದಕ್ಷಿಣಕ್ಕೆ ಡಾರ್ಚೆಸ್ಟರ್ ಗುಡ್ಡ, ಇನ್ನೂ ಕೆಳಗೆ ಬ್ರೇನ್‌ಟ್ರೀ. ಆಡಮ್ಸ್ ಮನೆ ಇದ್ದ ಆ ಭಾಗಕ್ಕೆ ಈಗ ಕ್ವಿನ್ಸಿ ಎಂದು ಹೆಸರು. ಬಾಸ್ಟನ್ನಿನಿಂದ ಅಲ್ಲಿಗೆ ಸುಮಾರು 16 ಕಿಲೋಮೀಟರ್. ಮನೆಯ ಹತ್ತಿರದ ಪೆನ್ಸ್ ಹಿಲ್ ಎಂಬ ದಿಣ್ಣೆ ಹತ್ತಿದರೆ ಬಾಸ್ಟನ್ ಕಡೆಯ ಹೊಗೆ, ಬೆಂಕಿ ಕಾಣುತ್ತಿತ್ತು. ಫಿಲಡೆಲ್ಫಿಯಾ ಮಾತ್ರ ಕುದುರೆ ದಾರಿಯಲ್ಲಿ ಸುಮಾರು 500 ಕಿಲೋಮೀಟರ್ ದೂರ. ಬರೆಯುವವಳಿಗೆ ಫಿರಂಗಿ ಕೇಳಿಸುತ್ತಿದೆ, ಓದುವವನ ಕೈಗೆ ಕಾಗದ ಸಿಗಲು ವಾರವೋ ಎರಡು ವಾರವೋ ಬೇಕು. ಈ ಅಂತರ ಪ್ರತಿ ಸಾಲಿನಲ್ಲೂ ಕೆಲಸ ಮಾಡುತ್ತಿರುತ್ತದೆ.

ಹೆಜ್ಜೆ 3: ಅಚ್ಚು ಪಠ್ಯಕ್ಕೆ ಮೊದಲು ಕಾಗದದ ಫೋಟೋ ನೋಡಿ

ಆಗ ಲಕೋಟೆ ಬಳಸುವ ರೂಢಿ ಇರಲಿಲ್ಲ. ಬರೆದ ಹಾಳೆಯನ್ನೇ ಮಡಚಿ, ಅರಗು ಹಾಕಿ, ಹೊರಮೈ ಮೇಲೆ ವಿಳಾಸ ಬರೆಯುತ್ತಿದ್ದರು. ಮಡಿಕೆಯ ಗೆರೆ, ಅರಗು ಕಿತ್ತಾಗ ಹರಿದ ಜಾಗ ಫೋಟೋದಲ್ಲಿ ಕಾಣುತ್ತವೆ. ಕೆಲವೊಮ್ಮೆ ಹರಿದ ಕಡೆ ಒಂದೆರಡು ಪದ ಹೋಗಿರುತ್ತವೆ, ಸಂಪಾದಕರು ಅಲ್ಲಿ ಕಂಸ ಹಾಕಿರುತ್ತಾರೆ. ಹಿಂಬದಿಯನ್ನೂ ನೋಡಿ. ಕಾಗದ ಪಡೆದವರು ಅಲ್ಲಿ ಯಾರಿಂದ ಬಂತು, ಉತ್ತರ ಯಾವಾಗ ಬರೆದೆ ಎಂದು ಗುರುತು ಹಾಕಿಕೊಳ್ಳುವ ಅಭ್ಯಾಸ ಇತ್ತು.

ಅಕ್ಷರ ಮೊದಲು ಕಷ್ಟ ಅನ್ನಿಸಬಹುದು. ಪದದ ನಡುವಿನ ‘ಎಸ್’ ಅಕ್ಷರ ಉದ್ದಕ್ಕೆ ಎಳೆದು ‘ಎಫ್’ ಥರ ಕಾಣುತ್ತದೆ. ಕಾಗುಣಿತ ಅವರವರ ಇಷ್ಟ. ಅಬಿಗೇಲ್ ಶಾಲೆಗೆ ಹೋದವಳಲ್ಲ, ಮನೆಯಲ್ಲೇ ಓದಿಕೊಂಡವಳು. ಹಾಗಾಗಿ ಜಾಲತಾಣದಲ್ಲಿ ಹುಡುಕುವಾಗ ಇವತ್ತಿನ ಕಾಗುಣಿತ ಮಾತ್ರ ಕೊಟ್ಟರೆ ಅರ್ಧ ಕಾಗದಗಳು ತಪ್ಪಿಹೋಗುತ್ತವೆ. ಒಂದು ಅಕ್ಷರ ಬಿಟ್ಟು, ಒಂದು ಅಕ್ಷರ ಸೇರಿಸಿ ಹುಡುಕಿ.

ತಾರೀಖಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬ್ರಿಟನ್ನೂ ಅದರ ವಸಾಹತುಗಳೂ 1752ರಲ್ಲೇ ಈಗಿನ ಕ್ಯಾಲೆಂಡರಿಗೆ ಬದಲಾಗಿದ್ದವು. ಅವಳು ಬರೆದ ತಾರೀಖೇ ನಮ್ಮ ತಾರೀಖು.

ಹೆಜ್ಜೆ 4: ಕಾಗದವನ್ನು ಹೊತ್ತಿನ ಪ್ರಕಾರ ತುಂಡು ಮಾಡಿ

ಯುದ್ಧಕಾಲದ ಕಾಗದವನ್ನು ಒಂದೇ ಸಲ ಕೂತು ಬರೆದದ್ದು ಅಂದುಕೊಳ್ಳಬೇಡಿ. ತಲುಪಿಸುವವರು ಸಿಗುವವರೆಗೆ ಅದು ಮೇಜಿನ ಮೇಲೆ ಬೆಳೆಯುತ್ತಲೇ ಇರುತ್ತಿತ್ತು.

ಜೂನ್ 18ರ ಕಾಗದದಲ್ಲಿ ಎರಡು ತುಂಡು ಇವೆ. ಮೊದಲನೆಯದು ಭಾನುವಾರ ಮಧ್ಯಾಹ್ನದ್ದು. ಈಗ ಮೂರು ಗಂಟೆ ಎಂದು ಅವಳೇ ಹೇಳುತ್ತಾಳೆ. ಮನಸ್ಸು ಸ್ಥಿಮಿತದಲ್ಲಿಲ್ಲ, ಇನ್ನು ಬರೆಯಲಾರೆ, ಮತ್ತೇನಾದರೂ ತಿಳಿದರೆ ಸೇರಿಸುತ್ತೇನೆ ಎಂದು ಅಲ್ಲಿಗೆ ನಿಲ್ಲಿಸುತ್ತಾಳೆ. ಎರಡನೆಯದು ಮಂಗಳವಾರ ಮಧ್ಯಾಹ್ನದ್ದು. ಭಾನುವಾರದಿಂದ ಬರೆಯಲು ಆಗಲೇ ಇಲ್ಲ ಅನ್ನುತ್ತಾಳೆ. ಕರ್ನಲ್ ಪಾಮರ್ ಕಾಗದ ಕಳಿಸಲು ಒಂದು ಅವಕಾಶ ಇದೆ ಎಂದು ಆಗಷ್ಟೇ ಹೇಳಿಕಳಿಸಿದ್ದಾರೆ. ತಪ್ಪುತಡೆ ಇದ್ದರೂ ಇದ್ದ ಹಾಗೇ ಹೋಗಲಿ ಎಂದು ಮುಗಿಸುತ್ತಾಳೆ.

ಪ್ರತಿ ತುಂಡಿನ ಪಕ್ಕ ವಾರ ಮತ್ತು ಹೊತ್ತು ಬರೆದುಕೊಳ್ಳಿ. ಭಾನುವಾರ ಅವಳಿಗೆ ಗೊತ್ತಿದ್ದದ್ದು ಮತ್ತು ಮಂಗಳವಾರ ಗೊತ್ತಿದ್ದದ್ದು ಎರಡನ್ನೂ ಬೆರೆಸಬೇಡಿ.

ಹೆಜ್ಜೆ 5: ಮೂರು ಬಣ್ಣದಲ್ಲಿ ಗೆರೆ ಎಳೆಯಿರಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಎಷ್ಟು ಹೊತ್ತು ಬೇಕಾದರೂ ಹಿಡಿಯಲಿ, ಅವಸರ ಮಾಡಬೇಡಿ.

ಅವಳು ತಾನೇ ಕಂಡದ್ದು, ಕೇಳಿದ್ದು, ಅನುಭವಿಸಿದ್ದಕ್ಕೆ ನೀಲಿ. ಬೇರೆಯವರು ಹೇಳಿದ್ದಕ್ಕೆ ಹಸಿರು. ಅಂದಾಜು, ಭಯ, ಆಸೆ, ಪ್ರಾರ್ಥನೆಗೆ ಕೆಂಪು.

ಈಗ ಜೂನ್ 18ರ ಕಾಗದಕ್ಕೆ ಬಣ್ಣ ಹಾಕೋಣ. ಅಮೆರಿಕದ ಹಣೆಬರಹ ತೀರ್ಮಾನವಾಗುವ ದಿನ ಬಹುಶಃ ಬಂದೇಬಿಟ್ಟಿತು ಎಂದು ಶುರು ಮಾಡುತ್ತಾಳೆ. ಇದು ಕೆಂಪು. ‘ಬಹುಶಃ’ ಎಂಬ ಒಂದು ಮಾತನ್ನು ಆ ಗಾಬರಿಯಲ್ಲೂ ಅವಳು ಬಿಟ್ಟಿಲ್ಲ, ಗಮನಿಸಿ. ಮುಂದಿನ ಸುದ್ದಿ, ನಮ್ಮ ಪ್ರೀತಿಯ ಡಾಕ್ಟರ್ ವಾರನ್ ಇನ್ನಿಲ್ಲ, ಈಗಷ್ಟೇ ಕೇಳಿದೆ ಎಂಬುದು. ಇದು ಹಸಿರು. ಜೋಸೆಫ್ ವಾರನ್ ಇವರ ಮನೆಯ ವೈದ್ಯ, ಮಗ ಜಾನ್ ಕ್ವಿನ್ಸಿಯ ಬೆರಳು ಕತ್ತರಿಸದಂತೆ ಉಳಿಸಿದವನು. ಅವನು ಸತ್ತದ್ದು ನಿಜವೇ ಆಗಿತ್ತು. ಚಾರ್ಲ್ಸ್‌ಟೌನ್ ಸುಟ್ಟು ಬೂದಿಯಾಗಿದೆ ಅನ್ನುತ್ತಾಳೆ. ಅದೂ ನಿಜ. ಕದನ ಶನಿವಾರ ಬೆಳಗಿನ ಜಾವ ಮೂರರ ಹೊತ್ತಿಗೆ ಶುರುವಾಯಿತು, ಭಾನುವಾರ ಮಧ್ಯಾಹ್ನ ಮೂರಾದರೂ ನಿಂತಿಲ್ಲ ಅನ್ನುತ್ತಾಳೆ. ಇವತ್ತು ರಾತ್ರಿ ಬ್ರಿಟಿಷರು ಬಾಸ್ಟನ್ನಿನಿಂದ ಹೊರಗೆ ನುಗ್ಗಬಹುದು, ಘೋರ ಯುದ್ಧ ಆಗಬಹುದು ಅನ್ನುವುದು ಊರಿನವರ ನಿರೀಕ್ಷೆ. ಇದು ಕೆಂಪು. ಆ ರಾತ್ರಿ ಹಾಗೇನೂ ಆಗಲಿಲ್ಲ. ಫಿರಂಗಿಯ ಎಡೆಬಿಡದ ಮೊರೆತಕ್ಕೆ ತಿನ್ನಲು, ಕುಡಿಯಲು, ಮಲಗಲು ಆಗುತ್ತಿಲ್ಲ ಅನ್ನುವ ಸಾಲು ಅಪ್ಪಟ ನೀಲಿ. ಬೈಬಲ್ಲಿನ ಸಾಲುಗಳಿಗೆ ಕೆಂಪು ಹಾಕಿ, ಆದರೆ ಬಿಟ್ಟು ಮುಂದೆ ಹೋಗಬೇಡಿ. ಓಟ ವೇಗಿಗಳದ್ದಲ್ಲ, ಯುದ್ಧ ಬಲಿಷ್ಠರದ್ದಲ್ಲ ಎಂಬ ಮಾತನ್ನು ಅವಳು ಆ ಹೊತ್ತಿನಲ್ಲಿ ನೆನೆಯುತ್ತಾಳೆ ಅಂದರೆ, ಎದುರಾಳಿಯ ಬಲದ ಬಗ್ಗೆ ಅವಳಿಗೆ ಯಾವ ಭ್ರಮೆಯೂ ಇರಲಿಲ್ಲ.

ಮಂಗಳವಾರದ ತುಂಡಿನಲ್ಲಿ ಅವಳೇ ನಮ್ಮ ಕೆಲಸ ಮಾಡಿಕೊಡುತ್ತಾಳೆ. ಗಾಳಿಯಂತೆ ನೆಲೆಯಿಲ್ಲದ ಹತ್ತು ಸಾವಿರ ಸುದ್ದಿಗಳು ಓಡಾಡುತ್ತಿವೆ, ಶನಿವಾರ ಏನಾಯಿತು ಅಂತ ಖಚಿತವಾಗಿ ಹೇಳಲಾರೆ ಎಂದು ಬರೆಯುತ್ತಾಳೆ. ಕದನ ಮುಗಿದ ಮೂರನೇ ದಿನ ಇಷ್ಟು ಪ್ರಾಮಾಣಿಕವಾಗಿ ಬರೆಯುವವರು ಎಷ್ಟು ಜನ ಇರುತ್ತಾರೆ?

ಇದೇ ಬಣ್ಣಗಳನ್ನು 1777ರ ಜುಲೈ ಕೊನೆಯ ಒಂದು ಕಾಗದಕ್ಕೆ ಹಾಕಿ ನೋಡಿ. ಬಾಸ್ಟನ್ನಿನಲ್ಲಿ ಕಾಫಿಗೆ ಬರ ಬಂದಿತ್ತು. ಒಬ್ಬ ಶ್ರೀಮಂತ ವ್ಯಾಪಾರಿ ಪೌಂಡಿಗೆ ಆರು ಶಿಲಿಂಗಿಗಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಕೂತ. ಹೆಂಗಸರು ಗಾಡಿ ಎಳೆದುಕೊಂಡು ಗೋದಾಮಿಗೆ ಹೋಗಿ ಕೀಲಿ ಕೇಳಿದರು. ಕೊಡಲಿಲ್ಲ. ಒಬ್ಬಳು ಅವನ ಕುತ್ತಿಗೆ ಹಿಡಿದು ಗಾಡಿಗೆ ಎಸೆದಳು. ಕೀಲಿ ಬಂತು, ಕಾಫಿ ಹೋಯಿತು, ಗಂಡಸರು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿದ್ದರು. ಹೆಂಗಸರ ಸಂಖ್ಯೆ ಹೇಳುವಾಗ ಅಬಿಗೇಲ್ ಎಚ್ಚರ ತಪ್ಪುವುದಿಲ್ಲ. ನೂರು ಅಂತ ಕೆಲವರು, ಇನ್ನೂ ಜಾಸ್ತಿ ಅಂತ ಕೆಲವರು ಅನ್ನುತ್ತಾಳೆ. ಅವನಿಗೆ ಏಟು ಕೂಡ ಬಿತ್ತು ಎಂಬ ಸುದ್ದಿ ಇದೆ, ಅದು ನಿಜ ಅಂತ ನನಗೆ ಅನ್ನಿಸುವುದಿಲ್ಲ ಎಂದೂ ಸೇರಿಸುತ್ತಾಳೆ. ಅಷ್ಟು ರಸವತ್ತಾದ ಕಥೆಯಲ್ಲೂ ಕೇಳಿದ್ದಕ್ಕೂ ನಂಬಿದ್ದಕ್ಕೂ ನಡುವೆ ಗೆರೆ ಎಳೆದಿದ್ದಾಳೆ.

ಹೆಜ್ಜೆ 6: ಈಗ ಇತಿಹಾಸ ಪುಸ್ತಕ ತೆರೆಯಿರಿ

ಬಣ್ಣ ಹಾಕಿ ಮುಗಿಯುವವರೆಗೆ ಪುಸ್ತಕ ಮುಟ್ಟಬೇಡಿ. ಮೊದಲೇ ಓದಿಬಿಟ್ಟರೆ ಅವಳ ಜೊತೆ ಕಾಯುವುದು ನಮಗೆ ಆಗುವುದಿಲ್ಲ.

ಜೂನ್ 17ರ ಕದನ ಬಹುಪಾಲು ನಡೆದದ್ದು ಬಂಕರ್ ಹಿಲ್ ಪಕ್ಕದ ಬ್ರೀಡ್ಸ್ ಹಿಲ್ ಮೇಲೆ. ಬೆಳಗಿನ ಜಾವ ಬ್ರಿಟಿಷ್ ಹಡಗಿನ ಫಿರಂಗಿ ಶುರುವಾಯಿತು, ಕಾಲಾಳುಗಳ ದಾಳಿ ಆದದ್ದು ಮಧ್ಯಾಹ್ನ. ಸಂಜೆಯೊಳಗೆ ಗುಡ್ಡ ಬ್ರಿಟಿಷರ ವಶವಾಗಿತ್ತು. ಆಮೇಲೂ ಫಿರಂಗಿ ನಿಲ್ಲಲಿಲ್ಲ, ಅದಕ್ಕೇ ಬ್ರೇನ್‌ಟ್ರೀಯಲ್ಲಿ ಕೂತವಳಿಗೆ ಕದನ ಇನ್ನೂ ನಡೆಯುತ್ತಿದೆ ಅನ್ನಿಸಿದ್ದು. ಗೆದ್ದ ಬ್ರಿಟಿಷರಲ್ಲಿ ಸತ್ತವರು, ಗಾಯಗೊಂಡವರು ಸೇರಿ ಸಾವಿರಕ್ಕೂ ಹೆಚ್ಚು, ಸೋತ ಅಮೆರಿಕನ್ನರಲ್ಲಿ ಸುಮಾರು 450.

ಆ ಹೊತ್ತಿನ ತಿಳಿವಳಿಕೆಗೂ ಆಮೇಲಿನ ತಿಳಿವಳಿಕೆಗೂ ಎಷ್ಟು ದೂರ ಎಂದು ನೋಡಲು ನನಗೆ ಗೊತ್ತಿರುವ ಅತ್ಯುತ್ತಮ ಕಾಗದ 1776ರ ಮಾರ್ಚ್ 2ರಂದು ಶುರುವಾದದ್ದು. ನಾಳೆ, ನಾಳೆ ಅಂತ ಒಂದು ತಿಂಗಳಿಂದ ಹೇಳುತ್ತಿದ್ದಾರೆ ಎಂದು ಬರೆಯುತ್ತಾ ಇದ್ದವಳು ಅರ್ಧಕ್ಕೆ ನಿಲ್ಲಿಸುತ್ತಾಳೆ. ಫಿರಂಗಿ ಸದ್ದಿಗೆ ಮನೆ ನಡುಗಿದೆ. ಬಾಗಿಲವರೆಗೆ ಹೋಗಿ ಬಂದು, ಇದು ನಮ್ಮವರ ಫಿರಂಗಿ ಎಂದು ಮತ್ತೆ ಬರೆಯುತ್ತಾಳೆ. ಮುಂದಿನ ದಿನಗಳ ತುಂಡಿನಲ್ಲಿ ಪೆನ್ಸ್ ಹಿಲ್ ಮೇಲೆ ಕೂತು ಒಂದೊಂದು ಗುಂಡು ಹಾರುವುದನ್ನೂ ನೋಡಿ ಬಂದದ್ದು ಇದೆ, ಕಿಟಕಿಗಳ ಗಡಗಡ ಇದೆ, ನಿದ್ದೆ ಇಲ್ಲದ ರಾತ್ರಿ ಇದೆ. ಕೊನೆಗೆ ಬಂದ ಸುದ್ದಿ, ನಮ್ಮವರು ಡಾರ್ಚೆಸ್ಟರ್ ಗುಡ್ಡ ಹಿಡಿದರು ಎಂಬುದಷ್ಟೇ. ಅವಳಿಗೆ ನಿರಾಸೆ. ಇಂಥ ಎರಡು ಗುಡ್ಡಕ್ಕಾಗಿ ಇಷ್ಟೆಲ್ಲ ಅನುಭವಿಸಬೇಕಿತ್ತೇ ಎಂಬ ಅರ್ಥದ ಮಾತು ಬರೆಯುತ್ತಾಳೆ.

ಆ ಗುಡ್ಡದ ಮೇಲಿನ ಫಿರಂಗಿಗಳ ಬಾಯಿ ಬಂದರಿನ ಕಡೆ ತಿರುಗಿತ್ತು. ಅಮೆರಿಕನ್ನರ ಫಿರಂಗಿ ದಳದ ಹೆನ್ರಿ ನಾಕ್ಸ್ ಚಳಿಗಾಲದಲ್ಲಿ ಟೈಕಾಂಡರೋಗ ಕೋಟೆಯಿಂದ ಎಳೆಸಿ ತಂದ ಫಿರಂಗಿಗಳಿಂದಾಗಿ ಬ್ರಿಟಿಷರಿಗೆ ಬಾಸ್ಟನ್ನಿನಲ್ಲಿ ನಿಲ್ಲಲು ಆಗಲಿಲ್ಲ. ಮಾರ್ಚ್ 17ಕ್ಕೆ ಹಡಗು ಹತ್ತಿ ಹೋದರು. ಅವಳು ನಿರಾಸೆಪಟ್ಟ ಸುದ್ದಿಯೇ ಗೆಲುವಿನ ಸುದ್ದಿಯಾಗಿತ್ತು. ಪುಸ್ತಕ ಮೊದಲೇ ಓದಿದವರಿಗೆ ಈ ನಿರಾಸೆ ತಟ್ಟುವುದೇ ಇಲ್ಲ.

ಹೆಜ್ಜೆ 7: ಕಾಗದವನ್ನೂ ನೆನಪನ್ನೂ ಬೇರೆ ಇಡಿ

ಬಂಕರ್ ಹಿಲ್ ಬಗ್ಗೆ ಓದುವಾಗ ಒಂದು ಚಿತ್ರ ಪದೇ ಪದೇ ಎದುರಾಗುತ್ತದೆ. ಅಬಿಗೇಲ್ ಏಳು ವರ್ಷದ ಜಾನ್ ಕ್ವಿನ್ಸಿಯ ಜೊತೆ ಗುಡ್ಡದ ಮೇಲೆ ನಿಂತು ಚಾರ್ಲ್ಸ್‌ಟೌನ್ ಉರಿಯುವುದನ್ನು ನೋಡಿದ ಚಿತ್ರ. ಜೂನ್ 18ರ ಕಾಗದದಲ್ಲಿ ಇದು ಇಲ್ಲ. ಆ ಬೆಂಕಿ ಕಂಡದ್ದು, ವಾರನ್ ಸತ್ತಾಗ ಅಮ್ಮ ಅತ್ತದ್ದು, ತಾನೂ ಅತ್ತದ್ದನ್ನು ಜಾನ್ ಕ್ವಿನ್ಸಿ ತನ್ನ ಮುಪ್ಪಿನಲ್ಲಿ, 1846ರಲ್ಲಿ ಬರೆದ. ಅದು ಸುಳ್ಳು ಅಂತ ಖಂಡಿತ ಹೇಳುತ್ತಿಲ್ಲ. ಅದಕ್ಕೆ ನಿಮ್ಮ ನೋಟ್‌ಬುಕ್ಕಿನಲ್ಲಿ ಬೇರೆ ಪುಟ ಬೇಕು, ಅಷ್ಟೇ.

ಹೆಜ್ಜೆ 8: ಕಾಗದ ಹೊತ್ತವರು ಯಾರು ಎಂದು ಕೇಳಿ

ಕಾಂಗ್ರೆಸ್ ತನ್ನದೇ ಅಂಚೆ ವ್ಯವಸ್ಥೆ ಮಾಡಿ ಬೆಂಜಮಿನ್ ಫ್ರಾಂಕ್ಲಿನ್‌ನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿದ್ದು 1775ರ ಜುಲೈ 26ರಂದು. ಆದರೂ ಮುಖ್ಯವಾದ ಕಾಗದಗಳನ್ನು ಆ ಕಡೆ ಹೊರಟ ನಂಬಿಕಸ್ತರ ಕೈಲೇ ಕೊಡುತ್ತಿದ್ದರು. ಅದೂ ಯಾವಾಗಲೂ ಕ್ಷೇಮವಲ್ಲ.

ಅದೇ ಜುಲೈನಲ್ಲಿ ಜಾನ್ ಎರಡು ಕಾಗದ ಬರೆದು, ಬೆಂಜಮಿನ್ ಹಿಚ್‌ಬಾರ್ನ್ ಎಂಬ ಯುವಕನ ಕೈಲಿ ಕಳಿಸಿದ. ಒಂದು ಅಬಿಗೇಲ್‌ಗೆ, ಇನ್ನೊಂದು ಗೆಳೆಯ ಜೇಮ್ಸ್ ವಾರನ್‌ಗೆ. ನ್ಯಾರಗನ್ಸೆಟ್ ಕೊಲ್ಲಿಯಲ್ಲಿ ದೋಣಿ ದಾಟುವಾಗ ಹಿಚ್‌ಬಾರ್ನ್ ಬ್ರಿಟಿಷರ ಕೈಗೆ ಸಿಕ್ಕಿಬಿದ್ದ. ಆಗಸ್ಟಿನಲ್ಲಿ ಆ ಕಾಗದಗಳು ಬಾಸ್ಟನ್ನಿನ ಪತ್ರಿಕೆಯಲ್ಲಿ ಅಚ್ಚಾದವು. ಸಹ ಪ್ರತಿನಿಧಿ ಜಾನ್ ಡಿಕಿನ್ಸನ್ ಬಗ್ಗೆ, ಹೆಸರು ಹೇಳದೆ, ದುಡ್ಡು ದೊಡ್ಡದು ಬುದ್ಧಿ ಚಿಕ್ಕದು ಎಂಬ ಅರ್ಥದ ಮಾತು ಅದರಲ್ಲಿತ್ತು. ಯಾರ ಬಗ್ಗೆ ಅಂತ ಎಲ್ಲರಿಗೂ ಗೊತ್ತಾಯಿತು. ಆಮೇಲೆ ಡಿಕಿನ್ಸನ್ ದಾರಿಯಲ್ಲಿ ಎದುರಾದರೂ ನಮಸ್ಕಾರ ಮಾಡಲಿಲ್ಲ ಎಂದು ಜಾನ್ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ.

ಹಾಗಾಗಿ ಕಾಗದದಲ್ಲಿ ಹೆಸರು ಅರ್ಧ ಬರೆದಿದ್ದರೆ, ಮಿಕ್ಕದ್ದು ಕಾಗದ ತಂದವರು ಹೇಳುತ್ತಾರೆ ಎಂದಿದ್ದರೆ, ಅಬಿಗೇಲ್ ತನ್ನ ಹೆಸರಿನ ಬದಲು ‘ಪೋರ್ಷಿಯಾ’ ಎಂದು ಸಹಿ ಮಾಡಿದ್ದರೆ, ಈ ಘಟನೆ ನೆನಪಿಡಿ. ಪೋರ್ಷಿಯಾ ಎಂಬುದು ರೋಮಿನ ಬ್ರೂಟಸ್‌ನ ಹೆಂಡತಿಯ ಹೆಸರು. ಸ್ನೇಹಿತರ ನಡುವೆ ಇಂಥ ಹೆಸರು ಇಟ್ಟುಕೊಳ್ಳುವುದು ಆಗಿನ ರೂಢಿಯೂ ಹೌದು.

ಹೆಜ್ಜೆ 9: ಪಿನ್ನು, ಕಾಯಿಲೆ, ಬೆಲೆ — ಇವೂ ಯುದ್ಧದ ಸುದ್ದಿ

ಬಂಕರ್ ಹಿಲ್ ಕದನದ ಹಿಂದಿನ ದಿನ, ಜೂನ್ 16ರಂದು, ಅವಳು ಗಂಡನನ್ನು ಒಂದು ಕಟ್ಟು ಗುಂಡುಪಿನ್ನು ತರಲು ಕೇಳಿದ್ದಾಳೆ. ಮೊದಲು 7 ಶಿಲಿಂಗ್ 6 ಪೆನ್ಸಿಗೆ ಬರುತ್ತಿದ್ದದ್ದು ಈಗ 20 ಶಿಲಿಂಗ್, ಅಷ್ಟು ಕೊಟ್ಟರೂ ಸಿಗುತ್ತಿಲ್ಲ. ಬಟ್ಟೆ ಹೊಲಿಯಲು, ಉಟ್ಟದ್ದು ನಿಲ್ಲಲು ಪಿನ್ನು ಬೇಕೇ ಬೇಕು. ಅದು ಹಡಗಿನಲ್ಲಿ ಬರಬೇಕು, ಬಾಸ್ಟನ್ ಬಂದರು ಮುಚ್ಚಿದೆ. ಸೇನಾಪತಿಗಳ ವರದಿಯಲ್ಲಿ ಈ ಸುದ್ದಿ ಸಿಗುವುದಿಲ್ಲ.

1775ರ ಬೇಸಿಗೆ ಮುಗಿಯುವ ಹೊತ್ತಿಗೆ ರಕ್ತಭೇದಿ ಹರಡಿತು. ಜಾನ್‌ನ ತಮ್ಮ ಎಲೈಹು ಆಗಸ್ಟಿನಲ್ಲಿ ತೀರಿಕೊಂಡ. ಅಕ್ಟೋಬರ್ 1ಕ್ಕೆ ಅಬಿಗೇಲ್‌ಳ ತಾಯಿ ಹೋದರು. ಆ ವಾರಗಳ ಕಾಗದ ಓದುವಾಗ ಕೈಯಲ್ಲಿದ್ದ ಪೆನ್ನು ಕೆಳಗಿಡಬೇಕು ಅನ್ನಿಸುತ್ತದೆ. ಇಡಬೇಡಿ. ಒಂದು ಪುಟದಲ್ಲಿ ಬೆಲೆ, ಒಂದು ಪುಟದಲ್ಲಿ ಕಾಯಿಲೆ ಎಂದು ಬರೆದುಕೊಳ್ಳುತ್ತಾ ಹೋಗಿ. ಮರುವರ್ಷ ಅವಳು ಮಕ್ಕಳನ್ನು ಕರೆದುಕೊಂಡು ಬಾಸ್ಟನ್ನಿಗೆ ಹೋದದ್ದೇ ಸಿಡುಬು ತಡೆಯುವ ನಾಟಿ (ಚರ್ಮ ಗೀರಿ ಸಿಡುಬಿನ ಕೀವು ಹಾಕುವುದು) ಮಾಡಿಸಲು. ಅಲ್ಲಿದ್ದ ಕಾರಣಕ್ಕೆ ಜುಲೈ 18ರಂದು ಸ್ವಾತಂತ್ರ್ಯ ಘೋಷಣೆ ಓದಿದ್ದನ್ನು ಜನರ ನಡುವೆ ನಿಂತು ಕೇಳಿ, ಅದನ್ನು ಗಂಡನಿಗೆ ಬರೆದಳು.

ಹೆಜ್ಜೆ 10: ಉತ್ತರ ಹುಡುಕಿ, ತಡವಾದ ದಿನ ಎಣಿಸಿ

ಪ್ರತಿ ಕಾಗದಕ್ಕೂ ಉತ್ತರ ಯಾವುದು ಎಂದು ಜೋಡಿ ಮಾಡಿ. ‘ನಿನ್ನ ಇಂಥ ತಾರೀಖಿನ ಕಾಗದ ಇವತ್ತು ಸಿಕ್ಕಿತು’ ಎಂಬ ಸಾಲು ಸಾಮಾನ್ಯವಾಗಿ ಮೊದಲಲ್ಲೇ ಇರುತ್ತದೆ. 1778ರ ಫೆಬ್ರವರಿಯಲ್ಲಿ ಜಾನ್ ಫ್ರಾನ್ಸಿಗೆ ಹಡಗು ಹತ್ತಿದ ಮೇಲೆ ವಾರಗಳ ಲೆಕ್ಕ ತಿಂಗಳುಗಳಿಗೆ ಹೋಗುತ್ತದೆ. ಹಡಗು ಶತ್ರುಗಳ ಕೈಗೆ ಸಿಕ್ಕುವ ಹಾಗಿದ್ದರೆ ಕಾಗದಗಳನ್ನು ಸಮುದ್ರಕ್ಕೆ ಎಸೆಯುತ್ತಿದ್ದರು.

ಸುದ್ದಿ ತಡವಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆ. ಅಮೆರಿಕದ ಯುದ್ಧಕ್ಕೆ ಫ್ರಾನ್ಸ್ ಇಳಿದದ್ದರಿಂದ ಬ್ರಿಟಿಷರು 1779ರಲ್ಲಿ ಮಲಬಾರ್ ಕರಾವಳಿಯಲ್ಲಿದ್ದ ಫ್ರೆಂಚರ ಮಾಹೆ ಬಂದರನ್ನು ಹಿಡಿದರು. ಮಾಹೆ ತನ್ನ ರಕ್ಷಣೆಯಲ್ಲಿದೆ ಎಂದಿದ್ದ ಹೈದರ್ ಅಲಿ ಕೆರಳಿದ, 1780ರಲ್ಲಿ ಎರಡನೇ ಮೈಸೂರು ಯುದ್ಧ ಶುರುವಾಯಿತು. ಬ್ರಿಟನ್ ಮತ್ತು ಫ್ರಾನ್ಸ್ ಶಾಂತಿಯ ಕರಡಿಗೆ ಸಹಿ ಹಾಕಿದ್ದು 1783ರ ಜನವರಿ 20ರಂದು. ಕಡಲೂರಿನ ಸಮುದ್ರದಲ್ಲಿ ಅವರ ಹಡಗುಗಳು ಕಾದಾಡಿದ್ದು ಜೂನ್ 20ರಂದು. ಶಾಂತಿಯ ಸುದ್ದಿ ಅಲ್ಲಿಗೆ ಮುಟ್ಟಿದ್ದು ಜೂನ್ ಕೊನೆಗೆ.

ಹೆಜ್ಜೆ 11: ಉಳಿಯದ ಕಾಗದಗಳ ಬಗ್ಗೆಯೂ ಒಂದು ಪುಟ ಇಡಿ

ನನ್ನ ಕಾಗದ ಸುಟ್ಟುಬಿಡು ಎಂದು ಅಬಿಗೇಲ್ ಹೇಳಿದ್ದಳು. ಹಾಗೆ ಮಾಡಬೇಕಾದರೆ ಮೊದಲು ನಿನ್ನನ್ನೇ ಮರೆಯಬೇಕು ಎಂದು ಜಾನ್ 1776ರ ಏಪ್ರಿಲ್ 28ರಂದು ಉತ್ತರ ಬರೆದ. ಜೂನ್ 2ರ ಹೊತ್ತಿಗೆ ಪ್ರತಿ ಇಟ್ಟುಕೊಳ್ಳಲು ದೊಡ್ಡ ಪುಸ್ತಕವೊಂದನ್ನು ಕೊಂಡು, ನೀನೂ ಹಾಗೆ ಮಾಡು, ನನ್ನವಕ್ಕಿಂತ ನಿನ್ನ ಕಾಗದಗಳೇ ಉಳಿಯಬೇಕಾದವು ಎಂದ. ನಾವಿವತ್ತು ಓದುತ್ತಿರುವುದು ಆ ಹಟದಿಂದಾಗಿ.

ವಾಷಿಂಗ್ಟನ್ ಮನೆಯಲ್ಲಿ ಹಾಗಾಗಲಿಲ್ಲ. ಅಬಿಗೇಲ್ ಬ್ರೇನ್‌ಟ್ರೀಯಲ್ಲಿ ಫಿರಂಗಿ ಕೇಳುತ್ತಾ ಬರೆದ ಅದೇ ಜೂನ್ 18ರಂದು, ಜಾರ್ಜ್ ವಾಷಿಂಗ್ಟನ್ ಫಿಲಡೆಲ್ಫಿಯಾದಿಂದ ಹೆಂಡತಿ ಮಾರ್ತಾಗೆ ಬರೆದ. ಸೈನ್ಯದ ನಾಯಕತ್ವ ತನ್ನ ಹೆಗಲಿಗೆ ಬಿದ್ದಿದೆ ಎಂಬ ಕಾಗದ ಅದು. ಹಿಂದಿನ ದಿನದ ಕದನದ ಸುದ್ದಿ ಅವನಿಗಿನ್ನೂ ಗೊತ್ತಿಲ್ಲ. ಮಾರ್ತಾ ಆಮೇಲೆ ತಮ್ಮಿಬ್ಬರ ಕಾಗದಗಳನ್ನು ಸುಟ್ಟಳು, ಬೆರಳೆಣಿಕೆಯಷ್ಟು ಮಾತ್ರ ಉಳಿದವು. ಓದುಬರಹ ಕಲಿಯಲು ಬಿಡದ ಗುಲಾಮರ ಮನೆಗಳಿಂದ, ಬಡವರ ಮನೆಗಳಿಂದ ಸಿಗುವುದು ಇನ್ನೂ ಕಡಿಮೆ.

ಆಡಮ್ಸ್ ಕಾಗದಗಳಲ್ಲಿ ಕೈ ಪಳಗಿದ ಮೇಲೆ ಇನ್ನೆರಡು ಮನೆಗಳಿಗೆ ಹೋಗಿ. ಒಂದು, ಇಪ್ಸ್‌ವಿಚ್ ಊರಿನ ಚಮ್ಮಾರ ಜೋಸೆಫ್ ಹಾಡ್ಜ್‌ಕಿನ್ಸ್ ಮತ್ತು ಅವನ ಹೆಂಡತಿ ಸಾರಾ. ಅವನೂ ಬಂಕರ್ ಹಿಲ್‌ನಲ್ಲಿದ್ದ, ಗುಂಡೊಂದು ಕೋಟಿಗೆ ತೂತು ಮಾಡಿ ಹೋಯಿತು ಎಂದು ಮನೆಗೆ ಬರೆದ. ಇನ್ನೊಂದು, ಹೆನ್ರಿ ನಾಕ್ಸ್ ಮತ್ತು ಲೂಸಿ. ಲೂಸಿಯ ತಂದೆ ರಾಜನ ಅಧಿಕಾರಿ, ತವರಿನವರು ಬ್ರಿಟಿಷರ ಪಕ್ಷ, ಗಂಡ ಎದುರು ಪಕ್ಷದ ಫಿರಂಗಿ ದಳದ ಮುಖ್ಯಸ್ಥ. ಮಂಜುಗಡ್ಡೆ ತೇಲುತ್ತಿದ್ದ ಡೆಲವೇರ್ ನದಿ ದಾಟಿ ಟ್ರೆಂಟನ್ ಗೆದ್ದದ್ದನ್ನು ಹೆನ್ರಿ 1776ರ ಡಿಸೆಂಬರ್ 28ರಂದು ಅವಳಿಗೆ ಬರೆದ. ಕದನದಲ್ಲಿ ಸ್ವತಃ ಇದ್ದವರು ಬರೆದ ಕಾಗದಗಳಿವು, ಇಲ್ಲಿ ನೀಲಿ ಗೆರೆಗಳೇ ಜಾಸ್ತಿ ಬರುತ್ತವೆ. ಹೆಂಡತಿ ಹೆದರದಿರಲಿ ಅಂತ ಏನೇನು ಬಿಟ್ಟಿದ್ದಾರೆ ಎಂದು ನೋಡಲು ನಾಲ್ಕನೇ ಬಣ್ಣದ ಪೆನ್ನೊಂದು ಇಟ್ಟುಕೊಳ್ಳಿ.